ಸ್ಕ್ರ್ಯಾಚ್‌ನಲ್ಲಿ ಮಕ್ಕಳ ಕತೆ: ಮೊದಲು ಮಾತು, ಆಮೇಲೆ ಬರಹ

ಧಾರವಾಡ ಭಾಗದ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರಿನ ಗ್ರಂಥಾಲಯದಲ್ಲಿ, ರಜೆಯ ದಿನಗಳಂದು, ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಕತೆ ಬರೆಯುವುದನ್ನು ಹೇಳಿಕೊಡುತ್ತೇನೆ. ಅದಕ್ಕೆ ನಾನು ಆರಿಸಿಕೊಂಡಿರುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿದ ಈ ತಂತ್ರಾಂಶವನ್ನು ಸಾಮಾನ್ಯವಾಗಿ ಕೋಡಿಂಗ್ ಕಲಿಸಲು ಬಳಸುತ್ತಾರೆ. ಅದು ಉಚಿತ; ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ; ಕಾರ್ಟೂನ್ ಪಾತ್ರಗಳ ಮಾತನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ಹೀಗಾಗಿ ಕತೆ ಕಟ್ಟುವುದಕ್ಕೂ ಅದು ಚೆನ್ನಾಗಿ ಒದಗುತ್ತದೆ.

ಲ್ಯಾಪ್‌ಟಾಪ್ ತೆರೆಯುವ ಮುನ್ನ ಕತೆಯನ್ನು ಬಾಯಲ್ಲಿ ಹೇಳಿಸಿ, ಯಾರು ಯಾರಿಗೆ ಏನೆಂದರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಪಾತ್ರಗಳ ಚಿತ್ರಭಂಡಾರ ಮೊದಲೇ ಕಣ್ಣಿಗೆ ಬಿದ್ದರೆ ಮಕ್ಕಳು ಡೈನೋಸಾರ್‌ಗೆ ಬಣ್ಣ ಬದಲಿಸುವುದರಲ್ಲೇ ಹೊತ್ತು ಕಳೆಯುತ್ತಾರೆ, ಕತೆ ಹಿಂದೆ ಬೀಳುತ್ತದೆ. ಹಿನ್ನೆಲೆಗೆ ತಮ್ಮ ಮನೆಯ ಪಡಸಾಲೆಯನ್ನೋ ಹೊಲವನ್ನೋ ಕಾಗದದ ಮೇಲೆ ಬಿಡಿಸುತ್ತಾರೆ. ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಸೇರಿಸುತ್ತೇವೆ.

ನಿಜವಾದ ಕಲಿಕೆ ನಡೆಯುವುದು ಸಂಭಾಷಣೆಯಲ್ಲಿ. ಒಬ್ಬ ಹುಡುಗಿಯ ಕತೆಯಲ್ಲಿ ಬೆಕ್ಕು ಕದ್ದು ಹಾಲು ಕುಡಿದಿದೆ, ಕೋಳಿ ವಿಚಾರಣೆ ಮಾಡುತ್ತದೆ. ಕಾರ್ಟೂನ್ ಶುರು ಮಾಡುವ ಹಸಿರು ಬಾವುಟದ ಗುಂಡಿ ಒತ್ತಿದೊಡನೆ ಪ್ರಶ್ನೆಯೂ ಉತ್ತರವೂ ಒಟ್ಟಿಗೆ ಮೂಡಿದವು. “ಸರ, ಕೋಳಿ ಕೇಳೂದ್ರೊಳಗ ಬೆಕ್ಕು ಉತ್ತರ ಕೊಡಾಕತ್ತೈತ್ರಿ” ಎಂದಳು. ಕೋಳಿ ಮಾತು ಮುಗಿಸಿ ಒಂದು ಸಂದೇಶ ಕಳಿಸುವಂತೆ, ಅದು ತಲುಪಿದ ಮೇಲೆಯೇ ಬೆಕ್ಕು ಬಾಯಿ ತೆರೆಯುವಂತೆ ಬ್ಲಾಕ್‌ಗಳನ್ನು, ಅಂದರೆ ಪಾತ್ರಗಳಿಗೆ ಆದೇಶ ಕೊಡುವ ಬಣ್ಣದ ತುಂಡುಗಳನ್ನು, ಜೋಡಿಸಲು ತೋರಿಸಿದೆ. ಉತ್ತರಕ್ಕೆ ಮುನ್ನ ಬೆಕ್ಕು ಒಂದೆರಡು ಸೆಕೆಂಡು ಸುಮ್ಮನಿರಬೇಕೆಂದು ಅವಳೇ ತೀರ್ಮಾನಿಸಿದಳು. ಮಾತಿನ ಗುಳ್ಳೆಯಲ್ಲಿ “ನಂಗೊತ್ತಿಲ್ಲ”, ಯೋಚನೆಯ ಗುಳ್ಳೆಯಲ್ಲಿ “ಮೀಸಿ ಒರಸ್ಕೋಬೇಕಿತ್ತು”. ಹೇಳುವುದಕ್ಕೂ ಅಂದುಕೊಳ್ಳುವುದಕ್ಕೂ ಇರುವ ಈ ಅಂತರವನ್ನು ನಾನು ಯಾವ ಪಾಠದಿಂದಲೂ ಇಷ್ಟು ಸ್ಪಷ್ಟವಾಗಿ ಮನಗಾಣಿಸಲಾರೆ.

ಗುಳ್ಳೆಯ ಅವಧಿ ಮೊದಲಿಗೆ ಎರಡು ಸೆಕೆಂಡು ಎಂದಿರುತ್ತದೆ, ಉದ್ದ ವಾಕ್ಯವನ್ನು ಅಷ್ಟರಲ್ಲಿ ಓದಲಾಗದು. ಅವಧಿ ಹೆಚ್ಚಿಸುವ ಮುನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ, ಬೇಡದ ಪದ ತೆಗೆಯಲು ಹೇಳುತ್ತೇನೆ.

ಈ ಬಗೆಯ ತಂತ್ರಾಂಶಕ್ಕೆ ಒಂದು ಮಿತಿಯೂ ಇದೆ. ಎಲ್ಲವನ್ನೂ ಪರದೆಯೇ ತೋರಿಸುವುದರಿಂದ ಮಕ್ಕಳು ವರ್ಣನೆಯನ್ನು ಬಿಟ್ಟೇಬಿಡುತ್ತಾರೆ, ಬರೀ ಮಾತು ಉಳಿಯುತ್ತದೆ. ಆದ್ದರಿಂದ ಕಾರ್ಟೂನ್ ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿಸಿ, ಅದನ್ನು ನೋಡದವರಿಗಾಗಿ ಅದೇ ಕತೆಯನ್ನು ಕಾಗದದ ಮೇಲೆ ಬರೆಸುತ್ತೇನೆ. ಇದನ್ನು ಬಿಟ್ಟರೆ ಬರವಣಿಗೆಯ ತರಗತಿ ಅರ್ಧಕ್ಕೇ ನಿಂತಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಹುಡುಗಿ ಬರೆದದ್ದು: “ಬೆಕ್ಕಿನ ಮೀಸೆಗೆ ಕೆನೆ ಹತ್ತಿತ್ತು. ಕೋಳಿ ಅದನ್ನು ನೋಡಿಯೂ ನೋಡದ ಹಾಗೆ ಕಾಳು ಹೆಕ್ಕಿತು.” ಕೋಳಿಗೆ ಎಲ್ಲ ಗೊತ್ತಿತ್ತು ಎಂಬುದು ಅವಳ ಕಾರ್ಟೂನಿನಲ್ಲಿ ಎಲ್ಲೂ ಇರಲಿಲ್ಲ.

ಪಾತ್ರಗಳ ಮಾತು ಮಕ್ಕಳು ಮನೆಯಲ್ಲಿ ಆಡುವ ಧಾಟಿಯಲ್ಲೇ ಇರಲು ಬಿಡುತ್ತೇನೆ. ನಿರೂಪಣೆಯನ್ನು ಶಾಲೆಯ ಬರಹದ ಕನ್ನಡದಲ್ಲಿ ಬರೆಯುತ್ತಾರೆ. ಅದರ ಕಾಗುಣಿತವನ್ನು ಕತೆ ಪೂರ್ತಿಯಾದ ಮೇಲೆ, ಮಗುವಿನ ಜೊತೆ ಕುಳಿತೇ ತಿದ್ದುತ್ತೇನೆ.