ಯೇಸಪ್ಪನ್ನ ಪೊಲೀಸ್ ಮಾಡ್ಬೇಡಿ: ಪುಟ್ಟ ಮಕ್ಳಿಗೆ ಮನೇಲಿ ಒಳ್ಳೆ ನಡತೆ ಕಲಿಸೋದು ಹೇಗೆ

ನಮ್ಮನೇಲಿ ಎರಡೂವರೆ ವರ್ಷದ ಮಗಳಿದ್ದಾಳೆ, ಅವಳ ಅಣ್ಣಂಗೆ ಈಗ ಏಳು, ಅಂದ್ರೆ ಒಂದು ರೌಂಡ್ ಎಲ್ಲಾ ತಪ್ಪು ಮಾಡಿ ಮುಗಿಸಿ ಎರಡನೇ ರೌಂಡಲ್ಲಿ ಸ್ವಲ್ಪ ಬುದ್ಧಿ ಬಂದ್ಮೇಲೆ ಬರೀತಿರೋದು ಇದು.

ಮೊದಲನೇ ತಪ್ಪು ಏನಂದ್ರೆ, ದೊಡ್ಡವನಿಗೆ ಎಲ್ಲದಕ್ಕೂ ಯೇಸಪ್ಪನ (ನಮ್ಮಂಥ ಕ್ರೈಸ್ತರ ಮನೇಲಿ ಯೇಸುವನ್ನ ಹೀಗೇ ಕರೆಯೋದು) ಹೆಸ್ರು ಹೇಳಿ ಹೆದರಿಸ್ತಿದ್ವಿ. ಊಟ ಮಾಡ್ಲಿಲ್ವಾ ಯೇಸಪ್ಪ ನೋಡ್ತಿದ್ದಾನೆ, ಸುಳ್ಳು ಹೇಳಿದ್ಯಾ ಕಣ್ಣು ಕಿತ್ತಾಕ್ತಾನೆ ಅಂತ. ಮೂರು ವರ್ಷಕ್ಕೆ ಅವನು ಏನ್ಮಾಡ್ದ ಗೊತ್ತಾ, ಶೋಕೇಸ್ ಮೇಲಿದ್ದ ಯೇಸಪ್ಪನ ಫೋಟೋನ ಗೋಡೆ ಕಡೆ ತಿರುಗಿಸಿಟ್ಟು ಬಿಸ್ಕತ್ ಡಬ್ಬಿಗೆ ಕೈ ಹಾಕಿದ್ದ. ನಾವು ನಕ್ಕಿದ್ದೇ ನಕ್ಕಿದ್ದು, ಆಮೇಲೆ ರಾತ್ರಿ ಯೋಚ್ನೆ ಮಾಡಿದ್ರೆ ಬೇಜಾರಾಯ್ತು. ನಮ್ಮ ಭಾಷೇಲಿ ಆ ಹೆಸರಲ್ಲೇ 'ಅಪ್ಪ' ಇದೆ, ಮಗು ಮನೇಲಿರೋ ಅಪ್ಪನ್ನ ನೋಡ್ಕೊಂಡೇ ಆ ಅಪ್ಪ ಹೇಗಿರ್ತಾನೆ ಅಂತ ಅಂದಾಜು ಮಾಡುತ್ತೆ, ನಾವು ನೋಡಿದ್ರೆ ಲಾಠಿ ಕೊಟ್ಟು ಬಾಗಿಲಲ್ಲಿ ನಿಲ್ಸಿದ್ವಿ. ಅದಕ್ಕೇ ಮೊದಲು ಮಾಡ್ಬೇಕಾದ ಕೆಲ್ಸ ಇದು: ಅಜ್ಜಿ ತಾತ ಸೇರಿ ಮನೆಯವರೆಲ್ಲ ಕೂತು ಮಾತಾಡ್ಕೊಂಡು ಈ ಹೆದರಿಸೋ ಡೈಲಾಗ್ ಬಂದ್ ಮಾಡಿ. ಅತ್ತೆಯವ್ರಿಗೆ ಹೇಳೋದು ಕಷ್ಟ, ಗಂಡನ ಕೈಲಿ ಹೇಳ್ಸಿ.

ಇನ್ನು ಹೊಡೆಯೋ ವಿಷ್ಯ. ನಮ್ಮ ಹಿರಿಯರು ಬೈಬಲಿನ ಜ್ಞಾನೋಕ್ತಿ 22:6 ತೆಗೆದು ತೋರಿಸ್ತಾರೆ, ಹುಡುಗನನ್ನು ಶಿಕ್ಷಿಸು ಅಂತ ಬರ್ದಿದೆ ನೋಡು ಅಂತ. ಆದ್ರೆ ಶಿಕ್ಷಕ, ಶಿಕ್ಷಣ ಎಲ್ಲಾ ಅದೇ ಬೇರಿಂದ ಬಂದಿದ್ದು, ಕಲಿಸು ಅನ್ನೋದೇ ಅದರ ಹಳೇ ಅರ್ಥ. ಮೂಲ ಹೀಬ್ರೂ ಪದ 'ಹನೋಖ್', ಯೆಹೂದ್ಯರ ಹನುಕ್ಕಾ ಹಬ್ಬದ ಹೆಸ್ರೂ ಅದೇ ಧಾತು, ಪ್ರತಿಷ್ಠೆ ಮಾಡೋದು, ಅಭ್ಯಾಸಕ್ಕೆ ಹಚ್ಚೋದು ಅಂತ, ಅಲ್ಲಿ ಏಟಿನ ಮಾತೇ ಇಲ್ಲ. ಬೆತ್ತದ ವಾಕ್ಯ ಬೇರೆ ಕಡೆ ಇದೆ ಅಂತ ವಾದ ಮಾಡೋರಿಗೆ ನಾನು ಎಫೆಸ 6:4 ತೋರಿಸ್ತೀನಿ, ಮಕ್ಳಿಗೆ ಕೋಪ ಎಬ್ಬಿಸಬೇಡಿ ಅಂತ ನೇರವಾಗಿ ತಂದೆಯರಿಗೇ ಹೇಳಿರೋದು ಅದು. ಅದೂ ಅಲ್ದೆ ಎರಡು ವರ್ಷದ ಮಗು ಅಣ್ಣಂಗೆ ಹೊಡೀತು ಅಂತ ನಾವು ಅದಕ್ಕೆ ಹೊಡೆದು 'ಹೊಡೀಬಾರ್ದು' ಅಂದ್ರೆ ಅದೇನು ಕಲಿಯುತ್ತೆ ಹೇಳಿ.

ಬದಲಿಗೆ ಏನ್ಮಾಡೋದು ಅಂದ್ರೆ, ಕುಕ್ಕರಗಾಲಲ್ಲಿ ಕೂತು ಅದರ ಕಣ್ಣಿನ ಮಟ್ಟಕ್ಕೆ ಬನ್ನಿ, ಹೊಡೆದ ಕೈ ಮೆತ್ತಗೆ ಹಿಡ್ಕೊಳಿ, 'ಹೊಡಿಯಲ್ಲ, ಅಣ್ಣಂಗೆ ನೋವಾಗುತ್ತೆ' ಅಂತ ಅಷ್ಟೇ ಹೇಳಿ, ಭಾಷಣ ಬೇಡ, ಆಮೇಲೆ ಅಲ್ಲಿಂದ ಎತ್ಕೊಂಡು ಬೇರೆ ಕಡೆ ಹೋಗಿ. ನಾಳೆ ಮತ್ತೆ ಹೊಡಿಯುತ್ತೆ, ಮತ್ತೆ ಅದೇ ಮಾತು ಅದೇ ದನಿಲಿ. ತಿಂಗಳುಗಟ್ಲೆ ಹಿಡಿಯುತ್ತೆ, ತನ್ನನ್ನ ತಾನು ತಡ್ಕೊಳ್ಳೋ ಶಕ್ತಿ ಆ ವಯಸ್ಸಿಗೆ ಇನ್ನೂ ಬಂದಿರಲ್ಲ, ಅದು ಹಟ ಅಲ್ಲ.

ನೆಲಕ್ಕೆ ಬಿದ್ದು ಹೊರಳಾಡೋ ಹಟ ಬೇರೆ. ಅದಕ್ಕೆ ನಾನು ಎಲೀಯನ ಟ್ರೀಟ್‌ಮೆಂಟ್ ಅಂತೀನಿ. ಒಂದನೇ ಅರಸುಗಳು 19ರಲ್ಲಿ ಎಲೀಯ ಮರದ ಕೆಳಗೆ ಬಿದ್ಕೊಂಡು ನನಗೆ ಸಾವು ಬರ್ಲಿ ಅಂತಾನಲ್ಲ, ಆಗ ದೇವದೂತ ಬಂದು ಉಪದೇಶ ಮಾಡ್ಲಿಲ್ಲ, ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತೆ ನೀರು ಕೊಟ್ಟ, ತಿಂದು ಮತ್ತೆ ಮಲ್ಕೊಂಡ, ಇನ್ನೊಂದ್ಸಲ ಎಬ್ಬಿಸಿ ತಿನ್ನಿಸ್ದ. ಅಷ್ಟು ದೊಡ್ಡ ಪ್ರವಾದಿಗೇ ಊಟ ನಿದ್ದೆ ಮೊದಲು ಬೇಕಾಗಿತ್ತು ಅಂದ್ಮೇಲೆ ನಮ್ಮ ಮಗು ಯಾವ ಲೆಕ್ಕ. ಸಂಜೆ ಆರೂವರೆಗೆ ಶುರುವಾಗೋ ಹಟಕ್ಕೆ ಮುಕ್ಕಾಲು ಪಾಲು ಕಾರಣ ಹಸಿವು ಇಲ್ಲಾ ನಿದ್ದೆ. ಮೊದಲು ತಿನ್ನಿಸಿ, ಮಾತು ಆಮೇಲೆ.

ಥ್ಯಾಂಕ್ಸ್, ಸಾರಿ ಎರಡನ್ನೂ ಬಲವಂತವಾಗಿ ಹೇಳಿಸ್ಬೇಡಿ, ಕೇಳಿಸೋ ಹಾಗೆ ಮಾಡಿ. ನೀವು ಗಂಡ ಹೆಂಡ್ತಿ ಒಬ್ಬರಿಗೊಬ್ರು ಕಾಫಿ ಲೋಟ ಕೊಟ್ಟಾಗ ಹೇಳ್ತೀರಾ? ಮನೆಕೆಲಸಕ್ಕೆ ಬರೋ ಅಕ್ಕಂಗೆ, ಗ್ಯಾಸ್ ಸಿಲಿಂಡರ್ ತಂದಣ್ಣಂಗೆ ಹೇಳ್ತೀರಾ? ಆ ಅಕ್ಕನ್ನ ಹೋಗೇ ಬಾರೇ ಅಂತ ಕರೆದು ಮಗೂಗೆ ಮರ್ಯಾದೆ ಕಲ್ಸೋಕ್ ಹೋದ್ರೆ ಅದು ಕಲಿಯೋದು ಹೋಗೇ ಬಾರೇನೇ. ಸಾರಿ ಬದಲು ಚಿಕ್ಕೋರಿಗೆ ಏನಾದ್ರೂ ಕೆಲಸ ಕೊಡಿ, ನೀರು ಚೆಲ್ಲಿದ್ರೆ ಒರೆಸೋ ಬಟ್ಟೆ ತರ್ಲಿ, ಅಣ್ಣಂಗೆ ನೋವಾಗಿದ್ರೆ ಆ ಜಾಗ ಸವರ್ಲಿ. ನೀವು ಸಿಟ್ಟಲ್ಲಿ ಕಿರುಚಿದ್ರೆ ನೀವೂ ಕೇಳ್ಕೊಳಿ, 'ಅಮ್ಮ ಜೋರಾಗಿ ಕೂಗ್ಬಿಟ್ಳು, ತಪ್ಪಾಯ್ತು ಬಂಗಾರ' ಅಂತ, ಮಾನ ಏನೂ ಹೋಗಲ್ಲ.

ಪ್ರಾರ್ಥನೆ ವಿಷ್ಯಕ್ಕೆ ಬಂದ್ರೆ, ಮಾವ ಸಂಜೆ ಪ್ರಾರ್ಥನೇಲಿ ಇಡೀ ಅಧ್ಯಾಯ ಓದ್ತಾರೆ, ಅದ್ರಲ್ಲಿ ವಂಶಾವಳಿ ಬಂದ್ರಂತೂ ನನಗೇ ಆಕಳಿಕೆ. ನಾವೀಗ ಮೊದಲ ಐದು ನಿಮಿಷ ಮಗುವಿಗೆ ಅಂತ ಇಟ್ಟಿದೀವಿ, ಚಪ್ಪಾಳೆ ಹೊಡ್ಕೊಂಡು ಒಂದು ಹಾಡು, ಒಂದು ಕಥೆ, ಆಮೆನ್, ಆಮೇಲೆ ಅವಳು ಆಟಕ್ಕೆ ಹೋಗ್ಬಹುದು. ಕಥೆನ ಆಡಿ ತೋರಿಸ್ಬೇಕು. ಕಳೆದುಹೋದ ಕುರಿ ಕಥೆಗೆ ಒಂದು ಗೊಂಬೆನ ಮಂಚದ ಕೆಳಗೆ ಬಚ್ಚಿಟ್ಟು ಎಲ್ಲರೂ ಹುಡ್ಕಿ, ಸಿಕ್ಕಾಗ ಕುಣೀರಿ, ಯೇಸುವನ್ನ ನೋಡೋಕೆ ಮರ ಹತ್ತಿದ ಕುಳ್ಳ ಜಕ್ಕಾಯನ ಕಥೆಗೆ ಅಪ್ಪನ ಹೆಗಲೇ ಮರ. ಊಟದ ಪ್ರಾರ್ಥನೆ ಎರಡೇ ಸಾಲು, 'ಯೇಸಪ್ಪಾ ಅನ್ನಕ್ಕೆ ಸ್ತೋತ್ರ, ಅನ್ನ ಇಲ್ದೋರಿಗೂ ಕೊಡು'. ಧರ್ಮೋಪದೇಶಕಾಂಡ 6:7ರಲ್ಲೂ ಕೂತಾಗ, ದಾರೀಲಿ ನಡೆಯುವಾಗ, ಮಲಗುವಾಗ, ಏಳುವಾಗ ಹೇಳ್ಕೊಡಿ ಅಂತಾನೇ ಇರೋದು, ಕ್ಲಾಸ್ ತಗೊಳಿ ಅಂತಲ್ಲ. ಬೈಬಲ್ ಕಾರ್ಟೂನ್ ಹಾಕಿ ಮೊಬೈಲ್ ಕೈಗೆ ಕೊಟ್ರೆ ಭಕ್ತಿ ಬರುತ್ತೆ ಅನ್ಕೋಬೇಡಿ, ಸ್ಕ್ರೀನ್ ಸ್ಕ್ರೀನೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋದು ಎರಡು ವರ್ಷದ ಒಳಗೆ ಬೇಡವೇ ಬೇಡ, ಎರಡರಿಂದ ನಾಲ್ಕಕ್ಕೆ ದಿನಕ್ಕೆ ಒಂದು ಗಂಟೆ ದಾಟ್ಬಾರ್ದು ಅಂತ.

ಭಾನುವಾರ ಚರ್ಚಿನ ಆರಾಧನೇಲಿ ಬಾಗಿಲ ಹತ್ರದ ಬೆಂಚಲ್ಲಿ ಕೂತ್ಕೊಳಿ. ಬ್ಯಾಗಲ್ಲಿ ನೀರು, ಸದ್ದು ಮಾಡದ ತಿಂಡಿ (ಕುರುಕಲು ಬೇಡ, ಅನುಭವ ಇದೆ), ಒಂದು ಬಟ್ಟೆ ಗೊಂಬೆ. ಹಾಡೋವಾಗ ಎತ್ಕೊಂಡು ಹಾಡಿ, ಪ್ರಸಂಗ (ಪಾದ್ರಿಗಳ ಉಪದೇಶ) ಶುರುವಾಗ್ತಿದ್ದ ಹಾಗೆ ಹೊರಗಡೆ ಒಂದು ಸುತ್ತು ಹೋಗ್ಬನ್ನಿ. ಕಾಣಿಕೆ ಹಾಕೋಕೆ ನಾಣ್ಯ ಕೊಡ್ಬೇಡಿ, ಬಾಯಿಗೆ ಹಾಕ್ಕೊಂಡ್ರೆ ಗಂಟಲಿಗೆ ಸಿಕ್ಕೊಳುತ್ತೆ, ನೋಟು ಮಡಚಿ ಕೊಡಿ. ಹಿಂದಿನ ಬೆಂಚಿಂದ ಯಾರಾದ್ರೂ ಗುರ್ರಂತ ನೋಡಿದ್ರೆ ನೋಡ್ಲಿ ಬಿಡಿ, ಮಕ್ಕಳನ್ನ ತಡೆದ ಶಿಷ್ಯರ ಮೇಲೇನೇ ಯೇಸು ಸಿಟ್ಟಾಗಿದ್ದು. ಸಂಡೇ ಸ್ಕೂಲಲ್ಲಿ ಎಲ್ಲಾ ಕಲಿಸ್ತಾರೆ ಅಂತ ಕೂತ್ಕೊಳೋರೂ ಇದಾರೆ, 1780ರ ಹೊತ್ತಿಗೆ ಇಂಗ್ಲೆಂಡಿನ ಗ್ಲೋಸ್ಟರಲ್ಲಿ ರಾಬರ್ಟ್ ರೈಕ್ಸ್ ಅದನ್ನ ನಡೆಸಿದ್ದು ವಾರ ಪೂರ್ತಿ ದುಡಿದು ಭಾನುವಾರ ಬೀದಿ ಸುತ್ತೋ ಬಡಮಕ್ಳಿಗೆ ಓದು ಕಲಿಸೋಕೆ, ನಮ್ಮ ಮನೆ ಕೆಲಸನ ಗುತ್ತಿಗೆ ತಗೊಳೋಕಲ್ಲ.

ಹಂಚ್ಕೊಳ್ಳೋದು ಮೂರು ವರ್ಷದ ಒಳಗೆ ನಿಜವಾಗ್ಲೂ ಕಷ್ಟ. ಬೇರೆ ಮಕ್ಳು ಬರೋ ಮುಂಚೆ ತುಂಬಾ ಇಷ್ಟದ ಎರಡು ಆಟದ ಸಾಮಾನು ಬೀರುವಿಗೆ ಸೇರಿಸ್ಬಿಡಿ, ಜಗಳ ಅರ್ಧ ಕಮ್ಮಿ. ತಿಂಡಿ ಹಂಚೋದು ಸುಲಭ, ಖಾರಾಪುರಿ ಬಟ್ಲು ಕೈಗೆ ಕೊಟ್ಟು ಎಲ್ಲರಿಗೂ ಕೊಡು ಅನ್ನಿ, ಯೇಸು ಸಾವಿರಾರು ಜನಕ್ಕೆ ಹಂಚಿದ ಐದು ರೊಟ್ಟಿ ಎರಡು ಮೀನು ತಂದಿದ್ದ ಬೈಬಲ್ ಕಥೆಯ ಹುಡುಗ ನೀನೇ ಅಂತ ಹೇಳಿ.

ಪಕ್ಕದ್ಮನೆಯೋರು ಗಣೇಶನ ಹಬ್ಬಕ್ಕೆ ಕಡುಬು ಕೊಟ್ಟಾಗ ಏನ್ಮಾಡೋದು ಅಂತ ತುಂಬಾ ಜನ ಕೇಳ್ತಾರೆ. ತಿನ್ನೋದು ಬಿಡೋದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ, ವಿಗ್ರಹಕ್ಕೆ ಅರ್ಪಿಸಿದ್ದನ್ನ ತಿನ್ನೋ ಬಗ್ಗೆ ಕೊರಿಂಥ ಊರಿನ ಕ್ರೈಸ್ತರಿಗೆ ಅಪೊಸ್ತಲ ಪೌಲ ಪತ್ರ ಬರೆದ ಕಾಲದಿಂದ್ಲೂ ಇದೇ ಚರ್ಚೆ, ಅದು ನಿಮ್ಮ ಮನೆ ತೀರ್ಮಾನ. ಆದ್ರೆ ಮಗು ಮುಂದೆ ಮುಖ ಸಿಂಡರಿಸೋದು, ಬಾಗಿಲಲ್ಲೇ ಬೇಡ ಅನ್ನೋದು, ಅವರ ದೇವರ ಬಗ್ಗೆ ಕೊಂಕು ಮಾತಾಡೋದು ಖಂಡಿತಾ ಬೇಡ. ಎರಡೂ ಕೈಲಿ ಈಸ್ಕೊಂಡು ಥ್ಯಾಂಕ್ಸ್ ಆಂಟಿ ಅನ್ಲಿ. ಕ್ರಿಸ್ಮಸ್‌ಗೆ ಕಲ್ಕಲ್ (ಹಬ್ಬಕ್ಕೆ ಕರಿಯೋ ಸಿಹಿ ತಿಂಡಿ), ಕೇಕು ಹಂಚೋಕೆ ಹೋದಾಗ ಅವಳನ್ನೂ ಕರ್ಕೊಂಡು ಹೋಗಿ, ತಟ್ಟೆ ಒಂದು ಕಡೆ ಅವಳೂ ಹಿಡ್ಕೊಳ್ಲಿ. ಅವರ ತಟ್ಟೆನ ಖಾಲಿ ವಾಪಸ್ ಕೊಡ್ಬಾರ್ದು ಅಂತ ಅಜ್ಜಿ ಹೇಳ್ತಾರಲ್ಲ, ಒಂದ್ ಚಿಟಿಕೆ ಸಕ್ಕರೆ ಹಾಕಿ ಕೊಡೋದು, ಆ ಕೆಲಸ ಪೂರ್ತಿ ಅವಳಿಗೇ ಬಿಡಿ. ನಮ್ಮವಳು ಮೆಟ್ಟಿಲು ಹತ್ತೋಷ್ಟ್ರಲ್ಲಿ ಸಕ್ಕರೇನೆಲ್ಲ ನೆಕ್ಕಿ ಮುಗಿಸಿರ್ತಾಳೆ, ಅದಕ್ಕೇ ನಾನೀಗ ಎರಡು ಬಾಳೆಹಣ್ಣು ಇಟ್ಟು ಕಳಿಸ್ತೀನಿ.