ಬಂದಿಯ ವಿಚಾರಣೆ ವಿಡಿಯೊ: ನೋಡುವುದು ಹೇಗೆ?

ಮೊದಲು ಅವಧಿ ಗಮನಿಸಿ. ಅಫ್ಗಾನಿಸ್ತಾನದಲ್ಲಿ ಅಮೆರಿಕದ ಸೇನೆ ಸೆರೆಹಿಡಿದ ಕೆನಡಾದ ಹುಡುಗ ಒಮರ್ ಖದರ್ ವಿಚಾರಣೆ ಎಂದು ಹೆಚ್ಚಿನವರು ನೋಡಿದ್ದು ಸುಮಾರು 10 ನಿಮಿಷದ ತುಣುಕು. 2003ರ ಫೆಬ್ರುವರಿಯಲ್ಲಿ ಕ್ಯೂಬಾದಲ್ಲಿರುವ ಅಮೆರಿಕದ ಸೆರೆಮನೆ ಗ್ವಾಂಟನಾಮೊದಲ್ಲಿ ಕೆನಡಾದ ಗುಪ್ತಚರರು 16 ವರ್ಷದ ಈ ಹುಡುಗನನ್ನು ಪ್ರಶ್ನಿಸಿದ ಪೂರ್ತಿ ಚಿತ್ರೀಕರಣ 7 ಗಂಟೆಗೂ ಹೆಚ್ಚು. ಕೋರ್ಟ್ ಆದೇಶದಿಂದ ಕೈಗೆ ಸಿಕ್ಕಿದ್ದನ್ನು 2008ರ ಜುಲೈನಲ್ಲಿ ಅವನ ವಕೀಲರು ಹೊರಬಿಟ್ಟರು. ಯಾರು ಬಿಟ್ಟರು, ಯಾರು ಕತ್ತರಿಸಿದರು ಎಂಬುದನ್ನು ಹಾಳೆಯ ತಲೆಯಲ್ಲೇ ಬರೆದುಕೊಳ್ಳಿ.

ಮೊದಲ ಸಲ ಅಡಿಬರಹ (ಸಬ್‌ಟೈಟಲ್) ಮುಚ್ಚಿ ಕೇಳಿ. ಕೋಣೆಯಲ್ಲಿ ಒಬ್ಬನೇ ಅಳುವ ಖದರ್ ಹೇಳಿದ್ದು ‘ಕೊಂದುಬಿಡಿ’ ಎಂದೋ, ‘ಕಾಪಾಡಿ’ ಎಂದೋ, ಅರಬ್ಬಿಯಲ್ಲಿ ‘ಅಮ್ಮಾ’ ಎಂದೋ, ಕೇಳಿದವರಲ್ಲೇ ಒಮ್ಮತವಿಲ್ಲ. ಅಡಿಬರಹ ಓದಿಬಿಟ್ಟರೆ ಕಿವಿಗೂ ಅದೇ ಕೇಳುತ್ತದೆ.

ಎರಡನೇ ಸಲ ಸಮಯ, ಪ್ರಶ್ನೆ, ಉತ್ತರ ಎಂದು ಮೂರು ಅಂಕಣ ಎಳೆಯಿರಿ. ಪ್ರಶ್ನೆಯಲ್ಲೇ ಉತ್ತರ ಅಡಗಿದ್ದರೆ ಗುರುತು ಹಾಕಿ. ಬರೀ ‘ಹೌದು’ ಎಂದದ್ದಕ್ಕೆ ತೂಕ ಕಡಿಮೆ.

ತಾರೀಖಿನಲ್ಲಿ ಎಡವುವವರೇ ಹೆಚ್ಚು. ಮೂರು ವಾರ, ಮೂರು ಗಂಟೆಗೊಮ್ಮೆ ಖದರ್‌ನ ಕೋಣೆ ಬದಲಿಸಿ ನಿದ್ದೆಗೆಡಿಸಿದ್ದು 2004ರ ಮಾರ್ಚ್‌ನ ಕೆನಡಾ ಅಧಿಕಾರಿಯ ಭೇಟಿಗೆ ಮೊದಲು. ಅದನ್ನು 2003ರ ವಿಡಿಯೊಗೆ ಅಂಟಿಸಬೇಡಿ.

ದಾಖಲೆ ಸಿಕ್ಕರೆ ಟೇಪನ್ನು ಅದರ ಪಕ್ಕ ಇಟ್ಟು ತಾಳೆ ನೋಡಿ. ಇಡೀ ಕೆಲಸದಲ್ಲಿ ಫಲ ಕೊಡುವ ಹೆಜ್ಜೆ ಇದೇ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಬಂದಿಗಳ ವಿಚಾರಣೆಯ 92 ಟೇಪುಗಳನ್ನು 2005ರ ನವೆಂಬರಿನಲ್ಲಿ ನಾಶ ಮಾಡಿತು. ಅದಕ್ಕೆ ಮೊದಲೇ ಸಂಸ್ಥೆಯ ಒಳ ತನಿಖೆ ನಡೆಸುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅವನ್ನು ದಿನಚರಿ ಮತ್ತು ತಂತಿಸಂದೇಶಗಳೊಂದಿಗೆ ಹೋಲಿಸಿತ್ತು. 11 ಟೇಪು ಖಾಲಿ. 21 ಗಂಟೆಯ ಅವಧಿಯೊಂದು ಯಾವ ಟೇಪಿನಲ್ಲೂ ಇರಲಿಲ್ಲ. ಎರಡು ಸಲ, ಮುಖಕ್ಕೆ ಬಟ್ಟೆ ಹಾಕಿ ನೀರು ಸುರಿದು ಉಸಿರುಗಟ್ಟಿಸುವ ವಾಟರ್‌ಬೋರ್ಡಿಂಗ್ ನಡೆದದ್ದು ಆ ಅವಧಿಯಲ್ಲೇ! ಟೇಪು ಮಾತ್ರ ನೋಡಿದವರಿಗೆ ಈ ಕಂದಕ ಕಾಣುತ್ತಿರಲಿಲ್ಲ.

ವಿಡಿಯೊ ಇಲ್ಲವೆಂದ ಮಾತ್ರಕ್ಕೆ ಮುಚ್ಚಿಟ್ಟರು ಎನ್ನಲೂ ಬಾರದು. ಅಮೆರಿಕದ 2009ರ ಕಾನೂನು ರಕ್ಷಣಾ ಇಲಾಖೆಯ ದೊಡ್ಡ ಬಂದೀಖಾನೆಗಳ ಗುಪ್ತಚರ ವಿಚಾರಣೆಗೆ ಚಿತ್ರೀಕರಣ ಕಡ್ಡಾಯ ಮಾಡಿತು. ಕದನದ ನಡುವೆ ಸೈನಿಕರು ಸ್ಥಳದಲ್ಲೇ ಕೇಳುವ ಪ್ರಶ್ನೆಗಳಿಗಲ್ಲ.

ನಮ್ಮಲ್ಲಿ ವಾಟ್ಸಾಪಿನಲ್ಲಿ ಹರಿದಾಡುವ ‘ತಪ್ಪೊಪ್ಪಿಗೆ’ ವಿಡಿಯೊಗೆ ಇನ್ನೊಂದು ಪರೀಕ್ಷೆ: ಎದುರು ಕೂತವರು ಪೊಲೀಸರೋ, ಮ್ಯಾಜಿಸ್ಟ್ರೇಟರೋ? ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಂತೆ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಆರೋಪಿಯ ವಿರುದ್ಧ ಸಾಕ್ಷ್ಯವಲ್ಲ. ಆ ಮಾತಿನ ಜಾಡು ಹಿಡಿದು ಆಯುಧವೋ ಮತ್ತೊಂದೋ ಸಿಕ್ಕಿದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ನಿಲ್ಲುತ್ತದೆ.