ಇಂಗ್ಲೆಂಡಿನ ಹಳ್ಳಿಯಲ್ಲಿ ಮನೆ ಮಾಡುವವರಿಗೆ

ಲಂಡನ್ನಿಗೋ ಲೆಸ್ಟರಿಗೋ ಬರುವ ಕನ್ನಡಿಗರಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆಸ್ಪತ್ರೆ ಕೆಲಸ, ಕೇರ್ ಹೋಮ್ ಕೆಲಸ ಅಂತ ನೇರವಾಗಿ ಹಳ್ಳಿಗಾಡಿಗೇ ಬಂದಿಳಿಯುವವರಿಗೆ ಹೇಳುವವರು ಕಡಿಮೆ. ನಾವಿರುವುದು ಷ್ರಾಪ್‌ಶೈರ್‌ನಲ್ಲಿ, ಲಡ್ಲೋ ಪಟ್ಟಣದಿಂದ ಆಚೆ, ವೇಲ್ಸ್ ಗಡಿಯ ಕಡೆ. ಮಕ್ಕಳು ಬೆಳೆದದ್ದೂ ಇಲ್ಲೇ. ಈ ಊರು ಕಲಿಸಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಮನೆ ನೋಡಲು ಹೋದಾಗ, ಬಾಡಿಗೆ ಕೇಳುವ ಮುಂಚೆ ಮನೆ ಬಿಸಿ ಮಾಡುವ ವ್ಯವಸ್ಥೆ ಏನು ಅಂತ ಕೇಳಿ. ಇಂಥ ಎಷ್ಟೋ ಹಳ್ಳಿಗಳಿಗೆ ಗ್ಯಾಸ್ ಪೈಪ್ ಬಂದಿಲ್ಲ. ಹಿತ್ತಲಲ್ಲಿ ಒಂದು ದೊಡ್ಡ ಟ್ಯಾಂಕ್, ಅದರೊಳಗೆ ಸೀಮೆಎಣ್ಣೆ. ಬಾಯ್ಲರ್ ಉರಿಯುವುದು ಅದರಿಂದ. ಲಾರಿಯವರು ಸಾಮಾನ್ಯವಾಗಿ 500 ಲೀಟರ್‌ಗಿಂತ ಕಡಿಮೆ ಹಾಕುವುದಿಲ್ಲ, ಹಾಗಾಗಿ ಒಂದೇ ಸಲಕ್ಕೆ ನೂರಾರು ಪೌಂಡ್ ಖರ್ಚಾಗುತ್ತದೆ. ಡಿಸೆಂಬರ್‌ನಲ್ಲಿ ಟ್ಯಾಂಕ್ ಬರಿದಾದರೆ ಲಾರಿ ಬರುವವರೆಗೂ ಸ್ವೆಟರ್ ಹಾಕಿಕೊಂಡೇ ಮಲಗಬೇಕು. ಬೇಸಿಗೆ ಮುಗಿಯುವುದರೊಳಗೆ ತುಂಬಿಸಿಡಿ. ಅನೇಕ ಊರುಗಳಲ್ಲಿ ಮನೆಯವರೆಲ್ಲ ಸೇರಿ ಒಟ್ಟಿಗೆ ಎಣ್ಣೆ ತರಿಸುತ್ತಾರೆ, ಆಯಿಲ್ ಸಿಂಡಿಕೇಟ್ ಅಂತ. ಅದಕ್ಕೆ ಹೆಸರು ಕೊಡಿ. ದುಡ್ಡು ಉಳಿಯುತ್ತದೆ, ಜೊತೆಗೆ ಆ ಮನೆಗೆ ಯಾರು ಬಂದಿದ್ದಾರೆ ಅಂತ ಊರಿಗೂ ಗೊತ್ತಾಗುತ್ತದೆ.

ಭಾನುವಾರ ಬಸ್ಸೇ ಇಲ್ಲದ ಊರುಗಳು ಜಾಸ್ತಿ. ಕಾರು ಬೇಕೇ ಬೇಕು. ಭಾರತದ ಲೈಸೆನ್ಸ್, ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ಬಂದ ಕೂಡಲೇ ಟೆಸ್ಟ್‌ಗೆ ತಯಾರಿ ಶುರು ಮಾಡಿ. ಒಳರಸ್ತೆಗಳು ಒಂದು ಗಾಡಿ ಹಿಡಿಸುವಷ್ಟೇ ಅಗಲ, ಎರಡೂ ಕಡೆ ಕಾರಿಗಿಂತ ಎತ್ತರದ ಬೇಲಿ. ಕಪ್ಪು ಗೆರೆ ಎಳೆದ ಬಿಳಿ ಬೋರ್ಡ್ ಇದ್ದರೆ ಗಂಟೆಗೆ 60 ಮೈಲಿ ಹೋಗಬಹುದು ಅಂತ ಕಾನೂನು ಹೇಳುತ್ತದೆ. ನೀವು ಮಾತ್ರ ಪ್ರತಿ ತಿರುವಿನ ಆಚೆಗೂ ಒಂದು ಟ್ರ್ಯಾಕ್ಟರ್ ನಿಂತಿದೆ ಅಂದುಕೊಂಡೇ ಓಡಿಸಿ. ಎದುರಿಗೆ ಗಾಡಿ ಬಂದರೆ, ಪಕ್ಕಕ್ಕೆ ಸರಿಯುವ ಜಾಗ ಯಾರಿಗೆ ಹತ್ತಿರವೋ ಅವರು ಹಿಂದೆ ಸರಿಯುತ್ತಾರೆ. ದಾಟಿ ಹೋಗುವಾಗ ಸ್ಟೇರಿಂಗ್ ಮೇಲಿಂದ ಕೈ ಸ್ವಲ್ಪ ಎತ್ತಿ. ಇಲ್ಲಿ ಥ್ಯಾಂಕ್ಸ್ ಹೇಳುವುದು ಹಾಗೆ.

ಶಾಲೆ ದೂರ ಇದ್ದರೆ ಹೆದರಬೇಡಿ. ಹತ್ತಿರದ ಸೂಕ್ತ ಶಾಲೆಯೇ 2 ಮೈಲಿಗಿಂತ ದೂರ ಇದ್ದರೆ, 8 ತುಂಬದ ಮಕ್ಕಳಿಗೆ ಕೌನ್ಸಿಲ್‌ನವರೇ, ಅಂದರೆ ಸ್ಥಳೀಯ ಆಡಳಿತದವರೇ, ಪುಕ್ಕಟೆ ವಾಹನ ಕೊಡಬೇಕು. ದೊಡ್ಡ ಮಕ್ಕಳಿಗೆ ಆ ದೂರ 3 ಮೈಲಿ.

ಇನ್ನು ನನಗೆ ತುಂಬ ಮುಖ್ಯ ಅನ್ನಿಸುವ ಮಾತು. ಇಲ್ಲಿಯ ಹಳ್ಳಿ ನಡೆಯುವುದು ಸಂಬಳ ಇಲ್ಲದೆ ದುಡಿಯುವವರಿಂದ. ವಿಲೇಜ್ ಹಾಲ್‌ನ ಬೀಗದ ಕೈ ಇಟ್ಟುಕೊಂಡವರು, ಚರ್ಚ್ ಅಂಗಳದ ಹುಲ್ಲು ಕತ್ತರಿಸುವವರು, ಕೆಲವು ಊರುಗಳಲ್ಲಿ ಅಂಗಡಿ ಗಲ್ಲಾದಲ್ಲಿ ಕೂರುವವರು ಕೂಡ ಸುಮ್ನೆ ಊರಿಗೋಸ್ಕರ ಮಾಡುತ್ತಾರೆ. ಅವರಾಗಿಯೇ ನಿಮ್ಮ ಮನೆ ಬಾಗಿಲಿಗೆ ಬರುವುದು ಕಡಿಮೆ, ತೊಂದರೆ ಕೊಟ್ಟಂತಾಗುತ್ತದೆ ಅನ್ನುವ ಸಂಕೋಚ ಅವರಿಗೆ. ಅದನ್ನು ತಾತ್ಸಾರ ಅಂದುಕೊಳ್ಳಬೇಡಿ. ಸಣ್ಣದೊಂದು ಕೆಲಸ ನೀವೇ ಕೇಳಿ ತಗೊಳ್ಳಿ. ನನ್ನ ಹೆಂಡತಿ ಬೇಸಿಗೆಯ ಊರಹಬ್ಬಕ್ಕೆ ಕೊಬ್ಬರಿ ಮಿಠಾಯಿ ಮಾಡಿಕೊಟ್ಟಳು. ಕೇಕ್‌ಗಳ ಮೇಜಿನ ಮೇಲೆ ಆ ಮಿಠಾಯಿ ಇಡುವ ಮುಂಚೆ ಅದರಲ್ಲಿ ಏನೇನಿದೆ ಅಂತ ಚೀಟಿ ಬರೆದು ತಟ್ಟೆಗೆ ಅಂಟಿಸಿದಳು. ಇದನ್ನು ನೀವೂ ಮರೆಯಬೇಡಿ, ಗೋಡಂಬಿ, ಹಾಲು ಆಗದವರು ಇರುತ್ತಾರೆ. ಆಮೇಲೆ ಪೋಸ್ಟ್ ಆಫೀಸಿನಲ್ಲಿ, ದಾರಿಯಲ್ಲಿ ಅವಳನ್ನು ನಿಲ್ಲಿಸಿ ಮಾತಾಡಿಸುವವರು ಹೆಚ್ಚಾದರು. ಎಪ್ಪತ್ತು ದಾಟಿದವರನ್ನೂ ಹೆಸರು ಹಿಡಿದೇ ಕರೆಯಬೇಕು. ನಮ್ಮ ಬಾಯಿಗೆ ಅದು ಬರುವುದಿಲ್ಲ, ಅಲ್ವಾ? ಆದರೂ ಕರೆಯಿರಿ, ಅವರಿಗೆ ಅದೇ ಇಷ್ಟ.

ಕುರಿ ಈಯುವ ಕಾಲ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಪಕ್ಕದ ಹೊಲದ ರೈತರು ನಮ್ಮ ಮಕ್ಕಳ ಕೈಗೆ ಬಾಟಲಿ ಕೊಟ್ಟು ತಬ್ಬಲಿ ಮರಿಗೆ ಹಾಲು ಕುಡಿಸಲು ಬಿಟ್ಟಿದ್ದರು. ಮರಿ ಎಳೆಯುವ ರಭಸಕ್ಕೆ ಮಗಳು ಎರಡೂ ಕೈಯಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ಮುಗಿದ ಮೇಲೆ ಸೋಪು ಹಾಕಿ ಚೆನ್ನಾಗಿ ಕೈ ತೊಳೆಸಿ. ಬಸುರಿಯರು ಮಾತ್ರ ಆ ಸಮಯದಲ್ಲಿ ಕುರಿಗಳ ಹತ್ತಿರ ಹೋಗಲೇಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆಯಾಗುವ ಸೋಂಕು ತಗಲಬಹುದು. ಹೊಲದ ನಡುವೆ ಹಳದಿ ಬಾಣದ ಗುರುತು ಕಂಡರೆ ಅದು ಎಲ್ಲರೂ ನಡೆಯಬಹುದಾದ ದಾರಿ, ಧೈರ್ಯವಾಗಿ ಹೋಗಿ. ಮುಚ್ಚಿದ್ದ ಗೇಟನ್ನು ದಾಟಿದ ಮೇಲೆ ಮತ್ತೆ ಮುಚ್ಚಿ.

ರಾಗಿ ಹಿಟ್ಟು, ಕರಿಬೇವಿಗೆ ನಾವು ಬರ್ಮಿಂಗ್‌ಹ್ಯಾಮ್‌ಗೆ ಹೋಗುತ್ತೇವೆ. ಕರಿಬೇವು ಫ್ರೀಜರ್‌ನಲ್ಲಿ ಚೆನ್ನಾಗಿ ಉಳಿಯುತ್ತದೆ. ಯುಗಾದಿ, ದೀಪಾವಳಿಗೆ ಇಲ್ಲಿಯ ಕನ್ನಡಿಗರ ಸಂಘವಾದ ಕನ್ನಡ ಬಳಗದ ಕಾರ್ಯಕ್ರಮ ಎಷ್ಟೇ ದೂರ ಇದ್ದರೂ ಮಕ್ಕಳನ್ನು ಕರೆದುಕೊಂಡು ಹೋಗಿ.

ಕೊನೆಯದಾಗಿ, ಗಾಳಿ ಮಳೆಗೆ ಇಲ್ಲಿ ಕರೆಂಟ್ ಹೋಗುವುದುಂಟು. ಅದನ್ನು ತಿಳಿಸುವ ನಂಬರ್ 105, ಫೋನ್ ಮಾಡಲು ದುಡ್ಡು ಕೊಡಬೇಕಿಲ್ಲ, ಕರೆಂಟ್ ಯಾವಾಗ ಬರುತ್ತದೆ ಅಂತಲೂ ಕೇಳಬಹುದು. ಕರೆಂಟ್ ಇಲ್ಲದಿದ್ದರೆ ಎಣ್ಣೆ ಬಾಯ್ಲರ್ ಕೂಡ ಓಡುವುದಿಲ್ಲ. ಟಾರ್ಚ್, ಕಂಬಳಿ, ಫ್ಲಾಸ್ಕ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ನಿಮ್ಮ ಸಾಲಿನಲ್ಲಿ ಒಬ್ಬರೇ ಇರುವ ವಯಸ್ಸಾದವರು ಯಾರು ಅಂತ ಮೊದಲೇ ತಿಳಿದಿರಲಿ. ಆ ರಾತ್ರಿ ಅವರ ಬಾಗಿಲು ತಟ್ಟಿ ವಿಚಾರಿಸಿಕೊಂಡು ಬನ್ನಿ.